ಸೀಮೆಕೊಂಬಿನ ಮುಚ್ಚಳ

ಮಳವಳ್ಳಿ ಪೇಟೆಬೀದಿಯಲ್ಲಿ ಬಾಚಣಿಗೆ ಮಾಡುತ್ತಿದ್ದ ಅಂಕಯ್ಯನಿಗೆ ತನ್ನವರು ಅಂತ ಇದ್ದವಳು ತಂಗಿ ಪಟ್ಟಲಮ್ಮ ಒಬ್ಬಳೇ. ಅಪ್ಪ ಅವ್ವ ಇಬ್ಬರೂ ಪ್ಲೇಗಿನಲ್ಲಿ ಹೋದಮೇಲೆ ಅವಳನ್ನು ಸೊಂಟದ ಮೇಲೆ ಹೊತ್ತು ಸಾಕಿದವನು ಅವನೇ, ಬೆಳಕವಾಡಿಯ ಮುದ್ದಯ್ಯನಿಗೆ ಧಾರೆ ಎರೆದುಕೊಟ್ಟವನೂ ಅವನೇ. ತನಗೂ ಒಂದು ಮದುವೆ ಆಗಬೇಕಿತ್ತು ಅನ್ನುವುದು ಆ ಗಡಿಬಿಡಿಯಲ್ಲಿ ಮರೆತೇಹೋಗಿತ್ತು.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಭತ್ತ ಹೊಡೆ ಬಿಚ್ಚಿ ತೆನೆ ಹೊರಡುವ ಹೊತ್ತಿಗೆ ಗದ್ದೆಬಯಲಿನ ಊರುಗಳಿಗೆಲ್ಲ ಚಳಿಜ್ವರ ನುಗ್ಗಿತು. ಪಟ್ಟಲಮ್ಮ ಹಾಸಿಗೆ ಹಿಡಿದಳು. ಸುದ್ದಿ ತಿಳಿದು ಅಂಕಯ್ಯ ಆಸ್ಪತ್ರೆಯ ಸಾಲಿನಲ್ಲಿ ನಿಂತು ಔಷಧಿ ತುಂಬಿಸಿಕೊಂಡ. ಬಾಟ್ಲಿ ನಾವೇ ಒಯ್ಯಬೇಕು. ಅದರ ಬಾಯಿಗೆ ಒತ್ತುವ ಬೆಂಡಿನ ಬಿರಡೆ ಎಲ್ಲೂ ಇಲ್ಲ. ಬಿರಡೆಗಳು ಬರುತ್ತಿದ್ದುದು ಹಡಗಿನಲ್ಲಿ, ಆ ಹಡಗುಗಳೆಲ್ಲ ಯುದ್ಧಕ್ಕೆ ಹೋಗಿದ್ದವು. ಎಲ್ಲರ ಹಾಗೆ ಅವನೂ ಕಾಗದ ಸುತ್ತಿ ಬಾಟ್ಲಿಯ ಬಾಯಿಗೆ ತುರುಕಿ, ಚೀಲದಲ್ಲಿಟ್ಟುಕೊಂಡು ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿದ. ಕಾಲಿಡಲು ಜಾಗವಿಲ್ಲದ ನೂಕುನುಗ್ಗಲು. ಹಳ್ಳಕೊಳ್ಳದ ದಾರಿಯಲ್ಲಿ ಬಸ್ಸು ಎತ್ತಿ ಎತ್ತಿ ಕುಕ್ಕುತ್ತಿತ್ತು. ಪಕ್ಕದಲ್ಲಿ ಒತ್ತಿಕೊಂಡು ಕೂತಿದ್ದ ಹೆಂಗಸು, "ಅಣ್ಣೋ, ನಿನ್ ಪಂಚೆ ನೆಂದೈತಲ್ಲಾ" ಅಂದಾಗಲೇ ಅವನಿಗೆ ಗೊತ್ತಾದದ್ದು. ಕಾಗದ ನೆನೆದು ಕಳಚಿ ಬಿದ್ದಿತ್ತು. ತಳದಲ್ಲಿ ಎರಡು ಗುಟುಕು ಉಳಿದಿತ್ತು.

ಮುದ್ದಯ್ಯ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಪಟ್ಟಲಮ್ಮನೇ ಹಲ್ಲು ಕಟಕಟ ಅನ್ನಿಸುತ್ತ, "ಓಗ್ಲಿ ಬುಡಣ್ಣ. ದಾರಿ ಸರೀಗಿಲ್ಲ, ನೀನೇನ್ ಮಾಡೀಯೆ" ಅಂದಳು.

ಮತ್ತೆ ಬಸ್ಸಿಗೆ ನಾಳೆಯವರೆಗೆ ಕಾಯಬೇಕಿತ್ತು. ಅಂಕಯ್ಯ ಕಾಯಲಿಲ್ಲ. ಬಿಸಿಲಲ್ಲೇ ಮಳವಳ್ಳಿಗೆ ನಡೆದ. ಆಸ್ಪತ್ರೆ ಆ ಹೊತ್ತಿಗೆ ಮುಚ್ಚಿತ್ತು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಔಷಧಿ ಇಸಿದುಕೊಂಡು, ಈ ಸಲ ಬಸ್ಸನ್ನೇ ನಂಬದೆ, ಬಾಟ್ಲಿಯನ್ನು ಎರಡು ಕೈಯಲ್ಲೂ ನೆಟ್ಟಗೆ ಹಿಡಿದು ನಡೆದೇ ಬಂದ. ಒಂದು ಹನಿ ತುಳುಕಲಿಲ್ಲ. ಊರ ಬಾಗಿಲಲ್ಲಿ ತಂಗಿಯ ಮಗಳು ಚಿಕ್ಕಮಾದಮ್ಮ ನಿಂತಿದ್ದಳು, ಇನ್ನೂ ಹಾಲುಹಲ್ಲಿನ ಕೂಸು.

"ಮಾವ, ಅವ್ವ ಏಳ್ತಾನೇ ಇಲ್ಲ ಕಣ್ ಮಾವ" ಅಂದಳು.

ತಿಥಿ ಮುಗಿದ ದಿನ ಮುದ್ದಯ್ಯ ಅವನನ್ನು ಜಗಲಿಗೆ ಕರೆದ. "ಬಾವ, ನೀನು ಬೇಕೂಂತ ಮಾಡ್ಲಿಲ್ಲ, ನಂಗೊತ್ತು. ಆದ್ರೂ ನಮ್ಮನೆ ಬಾಕ್ಲು ತುಳೀಬ್ಯಾಡ. ನಿನ್ ಮಕ ಕಂಡ್ರೆ ನಂಗೆ ತಡ್ಕಳಕಾಗಲ್ಲ."

ಅಂಕಯ್ಯ ಮಳವಳ್ಳಿಗೆ ಬಂದು ಕೊಂಬಿನ ಬಾಚಣಿಗೆಗೆ ಕೂತರೆ ಕೈ ಓಡಲಿಲ್ಲ. ಕಣ್ಣೆದುರಿಗೆ ಬರೀ ತೆರೆದ ಬಾಟ್ಲಿಯ ಬಾಯಿ. ಮೊದಲು ಮರದ ಮುಚ್ಚಳ ಕೆತ್ತಿದ. ನೆನೆದ ಮರ ಉಬ್ಬಿ ಗಾಜನ್ನೇ ಸೀಳಿತು. ತಗಡಿನದು ಔಷಧಿಗೆ ತುಕ್ಕು ಬಿಟ್ಟಿತು. ಆಮೇಲೆ ಮೂಲೆಯಲ್ಲಿದ್ದ ಸೆಲ್ಯುಲಾಯ್ಡ್ ಚೂರುಗಳ ಮೇಲೆ ಕಣ್ಣು ಬಿತ್ತು. ಮುರಿದ ಬಾಚಣಿಗೆ, ಸೋಪಿನ ಡಬ್ಬಿ, ಸೀಳುಬಿಟ್ಟ ಗೊಂಬೆ. ಪ್ಲಾಸ್ಟಿಕ್ಕಿನ ಜಾತಿಯ ಆ ಪದಾರ್ಥಕ್ಕೆ ಅವನು ಸೀಮೆಕೊಂಬು ಅಂತ ಹೆಸರಿಟ್ಟಿದ್ದ. ಬೆಂಕಿ ಕಂಡರೆ ಭಗ್ಗನೆ ಹತ್ತುವಂಥದು, ಕುದಿನೀರಿಗೆ ಹಾಕಿದರೆ ಮಾತ್ರ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತಿತ್ತು.

ದಪ್ಪಗಿದ್ದರೆ ಬಿಗಿಯಾಗುತ್ತದೆ ಅಂದುಕೊಂಡು ದಪ್ಪ ಮುಚ್ಚಳಗಳನ್ನೇ ಒತ್ತಿದ. ಅವು ಭಾರಕ್ಕೆ ಬಾಟ್ಲಿಯನ್ನೇ ಉರುಳಿಸಿದವು, ಕುಲುಕಿದರೆ ಟಪ್ಪನೆ ಹಾರಿದವು. ಚೂರುಗಳನ್ನು ಉಜ್ಜಿ ಉಜ್ಜಿ ಎಲೆಯಷ್ಟು ತೆಳುವಾಗಿಸಿ, ಮೆತ್ತಗಿರುವಾಗಲೇ ಬಾಟ್ಲಿಯ ಕೊರಳಿಗೆ ಎಳೆದು ಒತ್ತಿದ ದಿನ ಅದು ಆರುತ್ತ ಆರುತ್ತ ತಾನಾಗೇ ಗಾಜನ್ನು ಅಪ್ಪಿಕೊಂಡಿತು. ಒಳಗೆ ಜೇನುಮೇಣ ಸವರಿದ ಬಟ್ಟೆಯ ಬಿಲ್ಲೆ ಇಟ್ಟ. ಅಂಚಿನಲ್ಲಿ ಎಳೆದು ತೆಗೆಯಲು ಪುಟ್ಟದೊಂದು ಕಿವಿ ಬಿಟ್ಟ. ಅಂಗೈ ಮೇಲಿಟ್ಟರೆ ಗಾಳಿಗೆ ಹಾರಿಹೋಗುವಷ್ಟು ಹಗುರ. ಬಾಟ್ಲಿಯನ್ನು ತಲೆಕೆಳಗು ಮಾಡಿ ಹಿಡಿದ. ಸೋರಲಿಲ್ಲ. ಅಂಕಯ್ಯ ಅದನ್ನು ಹಾಗೇ ಹಿಡಿದುಕೊಂಡು ಗೋಡೆಗೆ ತಲೆಯಾನಿಸಿ ಅತ್ತ.

ಸುದ್ದಿ ಹರಡಿತು. ಕಿರುಗಾವಲಿನಿಂದ, ಆತಗೂರಿನಿಂದ ಕೂಡ ಜನ ಬಾಟ್ಲಿ ತಂದರು. ಒಂದೊಂದರ ಬಾಯಿ ಒಂದೊಂದು ಅಳತೆ. ಔಷಧಿಯ ಬಾಟ್ಲಿಗೆ ಅವನು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಮಾರನೆಯ ವರ್ಷದ ಜ್ವರದ ಕಾಲದಲ್ಲಿ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ನೆರಳು ಬಿತ್ತು. ತಲೆ ಎತ್ತಿದರೆ ಮುದ್ದಯ್ಯ. ಕೈಯಲ್ಲಿ ತುಂಬಿದ ಬಾಟ್ಲಿ, ಬಾಯಿಗೆ ಹೆಬ್ಬೆರಳು ಒತ್ತಿಕೊಂಡಿದ್ದ.

"ಮಗೀಗೆ ಜ್ವರ" ಅಂದ.

ಅಂಕಯ್ಯ ನೀರು ಕಾಯಿಸಿ ಮುಚ್ಚಳ ಒತ್ತಿ, ಆರಿಸಿ ಕೊಟ್ಟ. ಮುದ್ದಯ್ಯ ಅದನ್ನು ಬೋರಲು ಹಾಕಿದ. ಕುಲುಕಿದ. ಸೋರಲಿ ಅಂತಲೇ ಕುಲುಕುತ್ತಿರುವಂತೆ ಜೋರಾಗಿ ಕುಲುಕಿದ. ಒಂದು ಹನಿ ಬರಲಿಲ್ಲ. ಅವನ ಮುಖ ವಿಕಾರವಾಯಿತು.

"ಇಷ್ಟೇನಾ ಬಾವ?" ಅಂದ. "ಮುರುಕ್ಲು ಬಾಚಣಿಗೆ ಚೂರು! ಇಷ್ಟ್ ಇಲ್ದೇನೆ ಓದ್ಲಾ ಅವ್ಳು? ಅಣೇಬರಾ ಅಂತ ಮನ್ಸಿಗೆ ಏಳ್ಕಂಡು ಎಂಗೋ ಇದ್ನಲ್ಲಾ. ಇದ್ನ ಯಾಕ್ ಮಾಡ್ದೆ ನೀನು? ಮಾಡೋನು ಆಗ್ಲೇ ಯಾಕ್ ಮಾಡ್ಲಿಲ್ಲ?"

ಅದೇ ಪ್ರಶ್ನೆಯನ್ನು ಅಂಕಯ್ಯ ಪ್ರತಿ ಮುಚ್ಚಳ ಒತ್ತುವಾಗಲೂ ತನಗೆ ತಾನೇ ಕೇಳಿಕೊಂಡಿದ್ದ. ಎಷ್ಟೋ ಮನೆಗಳಿಗೆ ಒಳ್ಳೆಯದಾದ ಆ ಕೆಲಸ ಅವನ ಪಾಲಿಗೆ ಸಮಾಧಾನವಾಗಲಿಲ್ಲ. ಮುಚ್ಚಳ ಬಿಗಿಯಾದಷ್ಟೂ ತಂಗಿಯ ಸಾವು ತಪ್ಪಿಸಬಹುದಾಗಿದ್ದ ಸಾವಾಯಿತು.

"ಬಸ್ ಒಂಟೋಯ್ತದೆ" ಅಂದ ಅಂಕಯ್ಯ, ಮೆಲ್ಲಗೆ. "ನಡಿ ಬಾವ. ಕೂಸು ಕಾಯ್ತದೆ."

ಮುದ್ದಯ್ಯ ಕಣ್ಣೊರೆಸಿಕೊಂಡು ಬಾಟ್ಲಿಯನ್ನು ಚೀಲಕ್ಕಿಳಿಸಿ ಓಡಿದ.

ಚಿಕ್ಕಮಾದಮ್ಮನಿಗೆ ಜ್ವರ ಬಿಟ್ಟಿತು. ಆ ಸುದ್ದಿಯನ್ನು ಮುದ್ದಯ್ಯ ಹೇಳಿಕಳಿಸಲಿಲ್ಲ. ಸಂತೆಗೆ ಬಂದ ಬೆಳಕವಾಡಿಯವರ ಬಾಯಿಂದ ತಿಳಿಯಿತು. ಯುದ್ಧ ಮುಗಿದು ಬಿರಡೆಗಳು ಮತ್ತೆ ಬಂದವು. ಮುಚ್ಚಳ ಕೇಳುವವರು ಕಡಿಮೆಯಾದರು, ಆಮೇಲೆ ಯಾರೂ ಬರಲಿಲ್ಲ. ಅಂಕಯ್ಯನಿಗೆ ಅದರಿಂದ ಬೇಸರವಾಗಲಿಲ್ಲ. ಅವನು ಬಾಚಣಿಗೆಗೆ ಮರಳಿದ, ಆದರೆ ಮೊದಲಿನ ಹಾಗೆ ಬೀದಿಯವರೊಡನೆ ನಗೆಮಾತಾಡಿದ್ದನ್ನು ಯಾರೂ ಕಾಣಲಿಲ್ಲ.

ಅದರ ಮರುವರ್ಷ ಸತ್ತವರಿಗೆ ಎಡೆಯಿಡುವ ಮಾರ್ನಮಿಯ ಹಿಂದಿನ ದಿನ ಮುದ್ದಯ್ಯ ಗಾಡಿ ಕಟ್ಟಿಕೊಂಡು ಬಂದ. ಇಳಿಯಲಿಲ್ಲ. "ನಾಳೆ ಅವ್ಳಿಗೆ ಎಡೆ ಇಕ್ತೀವಿ. ಗಾಡಿ ಅತ್ತು" ಅಂದ.

ಎಡೆಯ ಮುಂದೆ ಚಿಕ್ಕಮಾದಮ್ಮ ದೀಪ ಹಚ್ಚಿದಳು. ಎತ್ತರಕ್ಕೆ ಬೆಳೆದಿದ್ದಳು, ಬಗ್ಗಿದಾಗ ಥೇಟು ಪಟ್ಟಲಮ್ಮನೇ. ಆಮೇಲೆ ಬಾವಮೈದುನರಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ಬಡಿಸಿದಳು. ಅಂಕಯ್ಯ ತುತ್ತು ಕಲೆಸಿದ, ಎತ್ತಲಾಗಲಿಲ್ಲ.

ಮುದ್ದಯ್ಯ ತನ್ನ ಎಲೆಯನ್ನೇ ನೋಡುತ್ತ, "ಉಣ್ಣು ಬಾವ" ಅಂದ. "ನೀನ್ ಉಣ್ದಿದ್ರೆ ಅವ್ಳೂ ಉಣ್ಣಾಕಿಲ್ಲ."

ಇಬ್ಬರೂ ತಲೆ ತಗ್ಗಿಸಿಕೊಂಡು, ಅಳುತ್ತಲೇ, ಉಂಡರು.