ಕಂದೀಲು ಇಳಿಸದ ದಿನ

ನಾನು ಒಂದು ಹಗೇವು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ. ರೋಣದ ಕಡೆಯ ಹಳ್ಳಿಯೊಂದರಲ್ಲಿ, ಕಾಶವ್ವನ ಮನೆಯಂಗಳದಲ್ಲಿ, ಅವಳ ಮಾವ ನನ್ನನ್ನು ಅಗೆದ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಮಾತ್ರ ಇಪ್ಪತ್ತು ಚೀಲದ್ದು. ಮನುಷ್ಯರನ್ನು ನಾನು ಅಂಗಾಲಿನಿಂದಲೇ ಬಲ್ಲೆ.

ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ನನ್ನೊಳಗಿನ ಗಾಳಿ ಕೆಡುತ್ತದೆ. ಆ ಗಾಳಿಗೆ ಹುಳ ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರೂ ಬದುಕುವುದಿಲ್ಲ. ಅದಕ್ಕೇ ಬಾಯಿ ತೆರೆದೊಡನೆ ಕಂದೀಲು ಇಳಿಸುವ ಪದ್ಧತಿ. ದೀಪ ಆರಿದರೆ ಯಾರೂ ಇಳಿಯಕೂಡದು.

ನಡುವೆ ಎಷ್ಟೋ ವರ್ಷ ನನ್ನನ್ನು ಕೇಳುವವರೇ ಇರಲಿಲ್ಲ. ಕಾಶವ್ವ ಸೊಸೆ ಸಾವಂತ್ರಿಯನ್ನೂ ನೆರೆಯ ಮೂವರನ್ನೂ ಕೂಡಿಸಿಕೊಂಡು, ತಿಂಗಳಿಟ್ಟರೂ ಕೆಡದ ಗರಿಗರಿ ಕಟಕ ರೊಟ್ಟಿ ಮಾರತೊಡಗಿದಳು. ಚೀಲದ ಜೋಳಕ್ಕೆ ಹುಳ ಬಿದ್ದಾಗ ನನ್ನ ನೆನಪಾಯಿತು. ಮನೆಯ ಕೂಳಿನ ಜೋಳ, ರೊಟ್ಟಿಯ ಜೋಳ ಎರಡೂ ನನ್ನ ಹೊಟ್ಟೆ ಸೇರಿದವು. ಸುಳ್ಳೇಕೆ, ನಾನು ಉಬ್ಬಿಹೋದೆ.

ಒಂದು ಮುಂಜಾನೆ ಮದುವೆ ಮನೆಯವರು ಎರಡು ಸಾವಿರ ರೊಟ್ಟಿ ಕೇಳಿದರು. ಮೇಲಿದ್ದ ಜೋಳವನ್ನೆಲ್ಲ ಹೊತ್ತು ಕಾಶವ್ವ ಗಿರಣಿಗೆ ಹೋದಳು. ಅದು ಸಾಲದೆಂದು, ಅವಳು ಬರುವುದರೊಳಗೆ ಸಾವಂತ್ರಿ ನನ್ನ ಬಾಯಿ ತೆರೆಸಿದಳು. ಕಂದೀಲಿನಲ್ಲಿ ಎಣ್ಣೆ ಇರಲಿಲ್ಲ. ಮೊಬೈಲಿನ ಟಾರ್ಚ್ ಹಚ್ಚಿ, ದಾರಕ್ಕೆ ಕಟ್ಟಿ ಇಳಿಬಿಟ್ಟಳು.

"ನೋಡ್ರಿ, ಆರಿಲ್ಲ. ಹಗ್ಗ ಹಿಡೀರಿ, ನಾ ಇಳೀತೀನಿ," ಎಂದು ನೆರೆಯವರಿಗೆ ಹೇಳಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡಳು.

ಆ ದೀಪಕ್ಕೆ ಗಾಳಿಯ ಹಂಗೇ ಇಲ್ಲವೆಂದು ನಾನು ಹೇಗೆ ಹೇಳಲಿ? ಅವಳ ಅಂಗಾಲು ಜೋಳ ಮುಟ್ಟಿತು. ಬುಟ್ಟಿಗೆ ಎರಡು ಬೊಗಸೆ ಹಾಕಿದಳು. ಮೂರನೆಯದು ಕೈಯಿಂದ ಜಾರಿತು. ಅವಳು ಜೋಳದ ಮೇಲೆಯೇ ಕುಸಿದಳು. ಮೊಬೈಲು ಬೆಳಗುತ್ತಲೇ ಇತ್ತು.

ಅಷ್ಟರಲ್ಲಿ ಕಾಶವ್ವನ ಹೆಜ್ಜೆ ಕೇಳಿಸಿತು. "ಕಂದೀಲು ಇಳಿಸಿದ್ರೇನ?"

"ಮೊಬೈಲ್ ಇಳಿಸೇವಿ ಯಕ್ಕಾ. ಇನ್ನೂ ಉರಿಯಾಕತ್ತೈತಿ."

"ಅಯ್ಯ ನಿಮ್ಮ! ಅದೆಲ್ಲಿ ಆರ್ತೈತಿ? ಎಳೀರಿ! ಹಗ್ಗ ಎಳೀರಿ!"

ಎಳೆದರು. ನನ್ನ ಇಕ್ಕಟ್ಟಾದ ಕೊರಳಿಗೆ ಸಾವಂತ್ರಿಯ ಹೆಗಲು ಸಿಕ್ಕಿಕೊಂಡಿತು. ಕಾಶವ್ವ ಬೋರಲು ಬಿದ್ದು ಕೈ ಚಾಚಿ, ಜಡೆಯೋ ರವಿಕೆಯೋ ಸಿಕ್ಕಿದ್ದನ್ನು ಹಿಡಿದು ಜಗ್ಗಿದಳು. ಹೆಗಲು ಬಿಟ್ಟುಬಂತು; ಅವಳನ್ನು ಅಂಗಳದಲ್ಲಿ ಮಲಗಿಸಿದರು. ಆಮೇಲೆ ಒಂದು ಕೆಮ್ಮು ಕೇಳಿಸಿತು. ಅದರ ಹಿಂದೆಯೇ ಕಾಶವ್ವನ ಅಳು.

ಮರುದಿನ ಕಾಶವ್ವ ರಾಶಿ ತೂರುವ ಫ್ಯಾನು ತರಿಸಿ ಅರ್ಧ ದಿನ ಗಾಳಿ ಹಾಯಿಸಿದಳು. ಕಂದೀಲು ಇಳಿಸಿ ನೋಡಿ, ಯಾರನ್ನೂ ಬಿಡದೆ ತಾನೇ ಇಳಿದು ಜೋಳ ಬಳಿದಳು. ಮದುವೆಯ ರೊಟ್ಟಿ ಹೊತ್ತಿಗೆ ಸರಿಯಾಗಿ ಹೋದವು.

ಈಗ ಜೋಳ ತಗಡಿನ ಕಣಜದಲ್ಲಿದೆ. ನನ್ನ ಬಾಯಿ ಮುಚ್ಚಿ ಪಕ್ಕದಲ್ಲೇ ರೊಟ್ಟಿಯ ಒಲೆ ಹೂಡಿದ್ದಾರೆ. ನನಗೆ ಸಿಟ್ಟಿಲ್ಲ, ನಾಚಿಕೆಯಿದೆ. ದಿನವೂ ಐದು ಜೋಡಿ ಕೈಗಳು ರೊಟ್ಟಿ ಬಡಿಯುತ್ತವೆ. ಅವುಗಳಲ್ಲಿ ಸಾವಂತ್ರಿಯ ಸದ್ದು ಯಾವುದೆಂದು ಗುರುತು ಸಿಗುವವರೆಗೆ ನನಗೆ ಜೀವದಲ್ಲಿ ಜೀವವಿರುವುದಿಲ್ಲ.