ಸಹಕಾರನಗರದ ವಾಕ್ಸ್‌ಹಾಲ್

ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಿಂದ ನಮ್ಮ ಯಜಮಾನರು ಹಳೆಯ ಕಾಲದ ಅಚ್ಚಿನ ಚಿತ್ರವೊಂದನ್ನು ತಂದರು. ಲಂಡನ್ನಿನ ವಾಕ್ಸ್‌ಹಾಲ್ ಎಂಬ ವಿಹಾರದ ತೋಟ. ಸಾಲುಮರಗಳ ಕೊಂಬೆಕೊಂಬೆಗೂ ದೀಪ, ಕೆಳಗೆ ಅಡ್ಡಾಡುವ ಜನ. ಮರುವಾರವೇ ಸಹಕಾರನಗರದ ನಮ್ಮ ಹೊಸ ಮನೆಯ ಗೇಟಿಗೆ ‘ವಾಕ್ಸ್‌ಹಾಲ್’ ಎಂಬ ಬೋರ್ಡ್ ಏರಿತು.

ನನಗೆ ಮೈಯೆಲ್ಲ ಉರಿಯಿತು. ಎಪ್ಪತ್ತೆಂಟರಲ್ಲಿ ನಮ್ಮ ಬೀದಿಯಲ್ಲಿದ್ದದ್ದು ಕೆಂಪು ಧೂಳು ಮಾತ್ರ. ಎರವಲು ಹೆಸರಿಗೆ ತಕ್ಕ ತೋಟವಾದರೂ ಬೇಡವೇ? ಹಟಕ್ಕೆ ಬಿದ್ದು ಬೀದಿಯುದ್ದಕ್ಕೂ ಹೊಂಗೆ, ಸಂಪಿಗೆ ನೆಟ್ಟೆ. ಅಕ್ಕಿ ತೊಳೆದ ನೀರನ್ನೂ ಬಿಡದೆ ಹೊತ್ತು ಹಾಕಿದೆ. ಕೆಲವು ವರ್ಷಗಳಲ್ಲಿ ಕೊಂಬೆಗಳು ಆಕಾಶಬುಟ್ಟಿ ಹೊರುವಷ್ಟು ಬಲಿತವು. ದೀಪಾವಳಿಗೆ ಜಕ್ಕೂರಿನಿಂದಲೂ ಜನ ನೋಡಲು ಬರತೊಡಗಿದರು. ಕೊಡಿಗೇಹಳ್ಳಿ ಬಸ್ಸಿನ ಕಂಡಕ್ಟರ್‌ಗಳು ನಮ್ಮ ಸ್ಟಾಪಿನಲ್ಲಿ “ವಾಕ್ಸ್‌ಹಾಲ್, ಇಳೀರಿ” ಎಂದು ಕೂಗುತ್ತಿದ್ದರು.

ಒಂದು ದೀಪಾವಳಿಗೆ ಯಜಮಾನರ ಗೆಳೆಯ ಗುಂಡಣ್ಣ ಬಂದರು. ಆಗಷ್ಟೇ ಲಂಡನ್ ನೋಡಿಕೊಂಡು ಬಂದಿದ್ದರು. ಗೋಡೆಯ ಚಿತ್ರ ಕಂಡು ನಕ್ಕರು.

“ಉಪೇಂದ್ರ, ಆ ತೋಟ ಮುಚ್ಚಿ ನೂರು ವರ್ಷದ ಮೇಲಾಯ್ತು ಕಣೋ. ಅಲ್ಲೆಲ್ಲಾ ಮನೆ ಕಟ್ಬಿಟ್ರಂತೆ. ಇಲ್ದಿರೋ ಜಾಗದ ಹೆಸರಿಟ್ಕೊಂಡಿದ್ದೀಯಲ್ಲೋ!”

ಯಜಮಾನರ ಮುಖ ಸಣ್ಣದಾಯಿತು. “ನಾಳೆ ಬೋರ್ಡ್ ತೆಗೆಸ್ತೀನಿ,” ಎಂದರು.

“ಮುಟ್ಟಿ, ನೋಡ್ತೀನಿ!” ಎಂದೆ. ಹೊರಗೆ ಬೀದಿಯ ಮರಗಳೆಲ್ಲ ಹೊಳೆಯುತ್ತಿದ್ದವು. “ಗುಂಡಣ್ಣನವರೇ, ಇನ್ನೊಂದ್ಸಲ ಲಂಡನ್ನಿಗೆ ಹೋದಾಗ ಅಲ್ಲಿ ಯಾರಾದ್ರೂ ವಾಕ್ಸ್‌ಹಾಲ್ ತೋಟ ಎಲ್ಲಿ ಅಂತ ಕೇಳಿದ್ರೆ, ಕೊಡಿಗೇಹಳ್ಳಿ ಬಸ್ ಹತ್ತೋಕೆ ಹೇಳಿ.”