ಅಕ್ಷಯನ ಮರೂನ್ ಅಂಗಿ

ನನ್ನ ನಾದಿನಿ ಶೈಲಜಾಳ ಫೋನು ಬಂದಾಗ ನಾನು ಬಂಗುಡೆ ತೊಳೆಯುತ್ತಿದ್ದೆ. ಶನಿವಾರ ಬೆಳಿಗ್ಗೆ ಕೊರಿಯನ್ ಅಂಗಡಿಯಿಂದ ಮೀನು ತರುವುದು ಅಮೆರಿಕದ ಲಾರೆನ್ಸ್‌ವಿಲ್‌ಗೆ ಬಂದಾಗಿನಿಂದ ನಮ್ಮ ಮನೆಯ ಪದ್ಧತಿ. ಕೈ ಒದ್ದೆಯೆಂದು ಸ್ಪೀಕರಿಗೆ ಹಾಕಿದೆ. ಅವಳು ಅಳಲಿಲ್ಲ, ಅಷ್ಟು ವರ್ಷ ಅತ್ತು ಕಣ್ಣೀರು ಬತ್ತಿರಬೇಕು. ನೇರವಾಗಿ ವಿಷಯಕ್ಕೆ ಬಂದಳು. "ಅತ್ತಿಗೆ, ನೀವು ವಿಡಿಯೋದಲ್ಲಿ ಮಾತಾಡ್ಬೇಕು. ಅಕ್ಷಯನ ಅಮ್ಮ ಅಂತ ಹೇಳಿ, ನನ್ನ ಚೇತನನ್ನ ಕೊಲ್ಲಬೇಡಿ ಅಂತ ಕೇಳ್ಬೇಕು."

ಅವಳ ಮಗ ಚೇತನ ಪರದೇಶದ ಜೈಲಿನಲ್ಲಿ ನೇಣಿಗೆ ಕಾಯುತ್ತಿದ್ದ. ಆ ದೇಶದ ಹೆಸರು ನನ್ನ ಬಾಯಿಂದ ಬರುವುದು ಬೇಡ. ಮಾದಕ ವಸ್ತು ಸಾಗಿಸಿದ್ದು ಅಪರಾಧ. ಮೇಲಿನ ಕೋರ್ಟೂ ಶಿಕ್ಷೆ ಖಾಯಂ ಮಾಡಿತ್ತು. ಇನ್ನು ಉಳಿದದ್ದು ಕ್ಷಮೆಯ ಅರ್ಜಿ ಮಾತ್ರ. ಇದೇ ಡ್ರಗ್ಸಿನಿಂದ ಸ್ವಂತ ಮಗನನ್ನು ಕಳೆದುಕೊಂಡ ತಾಯಿ, ಅದೂ ಹುಡುಗನ ಸ್ವಂತ ಅತ್ತೆ, ಬಾಯಿಬಿಟ್ಟು ಬೇಡಿಕೊಂಡರೆ ಅದಕ್ಕೊಂದು ತೂಕ ಇರುತ್ತದೆ ಎಂದು ಅಲ್ಲಿಯ ವಕೀಲರು ಹೇಳಿದರಂತೆ.

ತೂಕವಂತೆ! ನನ್ನ ಮಗನ ಸಾವೇನು ತಕ್ಕಡಿಗೆ ಹಾಕುವ ಕಲ್ಲೇ? ನೋಡ್ತೇನೆ ಅಂತ ಫೋನಿಟ್ಟು ಮೀನು ತೊಳೆಯುವುದನ್ನು ಮುಂದುವರಿಸಿದೆ.

ಅಕ್ಷಯ್ ಡರ್ಹಮ್‌ನಲ್ಲಿ ಕಾಲೇಜಿನ ಎರಡನೇ ವರ್ಷ ಓದುತ್ತಿದ್ದ. ಪರೀಕ್ಷೆಗೆ ನಿದ್ದೆಗೆಟ್ಟು ಓದಲು ಯಾರೋ ಒಂದು ಮಾತ್ರೆ ಕೊಟ್ಟರು. ನೋಡಲು ಔಷಧಿ ಅಂಗಡಿಯದೇ ಬಣ್ಣ, ಅದೇ ಅಚ್ಚು, ಒಳಗೆ ಚಿಟಿಕೆಗೇ ಜೀವ ತೆಗೆಯುವ ಮಾದಕ, ಫೆಂಟನಿಲ್. ಬೆಳಿಗ್ಗೆ ರೂಮಿನ ಹುಡುಗ ಎಬ್ಬಿಸಿದರೆ ಏಳಲಿಲ್ಲ. ಕೊಟ್ಟವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಇಂಥವರನ್ನು ನೇಣಿಗೆ ಹಾಕುವ ದೇಶಗಳೇ ಸರಿ ಎಂದು ಅವತ್ತಿನಿಂದ ನಾನು ಹೇಳುತ್ತ ಬಂದಿದ್ದೇನೆ. ಕನ್ನಡ ಕೂಟದಲ್ಲಿ ಹೇಳಿದೆ, ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನಲ್ಲಿ ಹೇಳಿದೆ. ಆಗ ಎಲ್ಲರೂ ತಲೆಯಾಡಿಸಿದರು. ಚೇತನ ಸಿಕ್ಕಿಬಿದ್ದ ಮೇಲೂ ನಾನು ಮಾತು ಬದಲಿಸಲಿಲ್ಲ, ತಲೆಯಾಡಿಸುವವರು ಮಾತ್ರ ಕಡಿಮೆಯಾದರು.

ಚೇತನ ಹೊರದೇಶದ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕೆ ಹೋದವನು. ವೀಸಾ ಹೊಸದು ಮಾಡಿಸಲೆಂದು ಪಕ್ಕದ ದೇಶಕ್ಕೆ ಹೊರಟಾಗ ನಮ್ಮ ಕಡೆಯವನೇ ಒಬ್ಬ ಚಹಾಪುಡಿಯ ಪ್ಯಾಕೆಟ್ ಕೊಟ್ಟು, ಅಲ್ಲಿರುವ ತನ್ನ ಅಣ್ಣನಿಗೆ ತಲುಪಿಸು ಅಂದನಂತೆ. ಟಿಕೆಟ್ಟೂ ಅವನೇ ತೆಗೆಸಿಕೊಟ್ಟ. ಅಲ್ಲಿಯ ಏರ್‌ಪೋರ್ಟಿನಲ್ಲಿ ಬಿಚ್ಚಿದರೆ ಚಹಾಪುಡಿಯ ಕೆಳಗೆ ಬೇರೆ ಪುಡಿ. ಯಾಕೆ ಬಿಚ್ಚಿ ನೋಡಲಿಲ್ಲ ಎಂದು ಕೋರ್ಟಿನಲ್ಲಿ ಕೇಳಿದರು. ನಮ್ಮಲ್ಲಿ ಇನ್ನೊಬ್ಬರ ಪ್ಯಾಕೆಟ್ ಬಿಚ್ಚುವುದಿಲ್ಲ, ನನ್ನ ಮಾವ ಅಮೆರಿಕದಿಂದ ಮಂದಿಯ ಪ್ಯಾಕೆಟ್ ತರುವಾಗಲೂ ಬಿಚ್ಚುವುದಿಲ್ಲ ಎಂದನಂತೆ. ಜಡ್ಜು ನಂಬಲಿಲ್ಲ. ನಾನೂ ನಂಬಿರಲಿಲ್ಲ. ಬಿಟ್ಟಿ ಟಿಕೆಟ್ ಸಿಕ್ಕಾಗಲಾದರೂ ತಲೆಗೆ ಹೋಗಬೇಡವೇ? ಹೆತ್ತವರಿಗೆ ಹೆಗ್ಗಣ ಮುದ್ದು, ಶೈಲಜಾಳಿಗೆ ಅದೆಲ್ಲ ಕಾಣುವುದಿಲ್ಲ.

ಸಂಜೆ ಮನೆಯವರು, ಅಂದರೆ ಮೋನಪ್ಪ, ಊಟದ ಮೇಜಿನಲ್ಲಿ ಈ ಮಾತು ಎತ್ತಿದರು. ಇಪ್ಪತ್ತೈದು ವರ್ಷದಲ್ಲಿ ನನ್ನ ಮೇಲೆ ದನಿ ಏರಿಸದ ಮನುಷ್ಯ. ನಾನು ಆಗುವುದಿಲ್ಲ ಅಂದೆ. ನಮ್ಮದು ಹಿಂದೆ ಅಳಿಯಸಂತಾನದ ಮನೆತನ. ಆಸ್ತಿಪಾಸ್ತಿಯ ಕಾನೂನು ಹೋದರೂ ಲೆಕ್ಕ ಹೋಗಿಲ್ಲ. ಅದರ ಪ್ರಕಾರ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಗಂಡಸಿಗೆ ತಂಗಿಯ ಮಗನೇ ವಾರಸುದಾರ. ಅವರು ಅದನ್ನೇ ಹಿಡಿದರು.

"ಅಕ್ಷಯ್ ನಿನ್ನ ಕುಟುಂಬದವ, ಪ್ರೇಮಾ. ಅವನಿಗಾಗಿ ನೀನು ಬೇಕಾದಷ್ಟು ಕೂಗಿದ್ದಿ, ನಾನು ಬೇಡ ಅನ್ಲಿಲ್ಲ. ಚೇತನ ನನ್ನ ಕುಟುಂಬದವ. ಅವನಿಗಾಗಿ ಒಂದು ಮಾತು ಕೇಳ್ತಿದ್ದೇನೆ."

ಮಗ ಸತ್ತಾಗ ಆಸ್ಪತ್ರೆಯ ಗೋಡೆಗೆ ತಲೆ ಚಚ್ಚಿಕೊಂಡ ಅಪ್ಪ ಇವರೇ. ಈಗ ಮಗ ನನ್ನವನಂತೆ! ತಟ್ಟೆ ಬಿಟ್ಟು ಎದ್ದೆ.

ಮಗಳು ದೀಕ್ಷಿತಾ ಹಿಂದೆಯೇ ಬಂದಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಲಾ ಓದುತ್ತಿದ್ದಾಳೆ, ಮರಣದಂಡನೆ ಅಂದರೆ ಅವಳಿಗೆ ಆಗುವುದಿಲ್ಲ. "ಅಮ್ಮ, ಚೇತನ್ ಅಕ್ಷಯ್‌ಗೆ ಪಿಲ್ ಕೊಟ್ಟಿಲ್ಲ. ದಟ್ ವಾಸ್ ಸಮ್‌ವನ್ ಎಲ್ಸ್."

"ಕೊಟ್ಟವನೂ ಯಾರದ್ದೋ ಮನೆಯ ಚೇತನನೇ," ಎಂದೆ. ಆಡಿದ ಮೇಲೆ ಆ ಮಾತು ನನ್ನನ್ನೇ ಬಿಡಲಿಲ್ಲ.

ಮುಂದಿನ ವಾರ ಮೋನಪ್ಪ ತಂಗಿಯ ಜೊತೆಗಿರಲು ಹೊರಟರು. ಮೊದಲು ಊರಿಗೆ, ಅಲ್ಲಿಂದ ಅವಳನ್ನು ಕರೆದುಕೊಂಡು ಆ ದೇಶಕ್ಕೆ. ತಂಗಿಗೆ ಹುಷಾರಿಲ್ಲ ಎಂದಷ್ಟೇ ಹೊರಗೆ ಹೇಳಿದ್ದೆವು. ಊರಿಗೆ ಹೋಗುತ್ತಾರೆ ಎಂಬ ಸುದ್ದಿ ಹಬ್ಬಿದ್ದೇ ತಡ, ಪ್ಯಾಕೆಟ್‌ಗಳು ಬರತೊಡಗಿದವು. ಒಬ್ಬರ ತಾಯಿಗೆ ವಿಟಮಿನ್ ಮಾತ್ರೆ, ಇನ್ನೊಬ್ಬರ ಮೊಮ್ಮಗುವಿಗೆ ಚಾಕೊಲೇಟ್. ಕೂಟದ ಶಿವಶರಣಪ್ಪ ಕಂದು ಟೇಪು ಸುತ್ತಿದ ಒಂದು ಡಬ್ಬ ತಂದು, ಸಣ್ಣದು ಆಂಟಿ, ಅಂಕಲ್‌ಗೆ ಭಾರ ಆಗಲ್ಲ ಅಂದ. ಒಳಗೇನು ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಎಲ್ಲವನ್ನೂ ಗೆಸ್ಟ್ ರೂಮಿನ ಹಾಸಿಗೆಯ ಮೇಲೆ ಜೋಡಿಸುವಾಗ ನನಗೆ ಹಠ ಬಂತು. ಬುದ್ಧಿ ಇರುವವರು ಬಿಚ್ಚಿ ನೋಡಿಯೇ ನೋಡುತ್ತಾರೆ ಎಂದು ಮನೆಯವರಿಗೆ ತೋರಿಸಿಯೇ ಬಿಡುತ್ತೇನೆ ಎಂದುಕೊಂಡು ಶಿವಶರಣಪ್ಪನ ಡಬ್ಬಕ್ಕೆ ಕತ್ತರಿ ತಂದೆ. ಟೇಪಿನ ತುದಿಗೆ ಕತ್ತರಿ ಇಟ್ಟೆ. ಆಗಲಿಲ್ಲ. ಅವನು ನಾಳೆ ಕೂಟದಲ್ಲಿ ಎದುರು ಸಿಕ್ಕರೆ ಮುಖ ಹೇಗೆ ತೋರಿಸುವುದು ಎಂಬ ನಾಚಿಕೆಗೆ ಕೈ ಮುಂದೆ ಹೋಗಲೇ ಇಲ್ಲ. ಒಂದು ಮಾತ್ರೆಗೆ ಮಗನನ್ನು ಕೊಟ್ಟ ನಾನು! ಚೇತನನ ಮನೆಗೆ ನಾವು ಹೊತ್ತುಕೊಂಡು ಹೋದ ಸೂಟ್‌ಕೇಸುಗಳೆಲ್ಲ ನೆನಪಾದವು. ಅರ್ಧ ತುಂಬ ಮಂದಿಯ ಪ್ಯಾಕೆಟ್, ಉಳಿದರ್ಧ ಅಕ್ಷಯ್‌ಗೆ ಗಿಡ್ಡವಾದ ಬಟ್ಟೆಗಳು. ಆ ಬಟ್ಟೆ ಹಾಕಿಕೊಂಡೇ ಚೇತನ ಬೆಳೆದ. ಪ್ಯಾಕೆಟ್‌ಗಳನ್ನು ಮನೆಮನೆಗೆ ಸೈಕಲ್ಲಿನಲ್ಲಿ ತಲುಪಿಸುತ್ತಿದ್ದವನೂ ಅವನೇ. ಹುಡುಗ ಸುಳ್ಳು ಹೇಳಿರಲಿಲ್ಲ. ನಾನು ಡಬ್ಬವನ್ನು ಹಾಗೇ ಸೂಟ್‌ಕೇಸಿಗೆ ಹಾಕಿದೆ.

ದೀಕ್ಷಿತಾಳನ್ನು ಕರೆದು, ಫೋನು ಹಿಡಿ, ಮಾತಾಡ್ತೇನೆ ಎಂದೆ. ಅಕ್ಷಯನ ಫೋಟೋದ ಕೆಳಗೆ ಕೂತೆ.

"ನಾನು ಪ್ರೇಮಾವತಿ, ಅಕ್ಷಯನ ಅಮ್ಮ. ನನ್ನ ಮಗನನ್ನ ಒಂದು ಮಾತ್ರೆ ಕೊಂದಿತು. ಗೊತ್ತಿದ್ದೂ ಇಂಥದ್ದನ್ನ ಸಾಗಿಸುವವರಿಗೆ ನೇಣೇ ಸರಿ ಅಂತ ನಾನು ಈಗ್ಲೂ ಹೇಳ್ತೇನೆ. ಆದ್ರೆ ಚೇತನ ಪ್ಯಾಕೆಟ್ ಬಿಚ್ಚಿ ನೋಡ್ಲಿಲ್ಲ ಅಂದ್ರೆ ನಾನು ನಂಬ್ತೇನೆ. ನಮ್ಮ ಮನೆಯಲ್ಲಿ ಯಾರೂ ಬಿಚ್ಚುವುದಿಲ್ಲ. ಅವನು ಅದನ್ನ ನಮ್ಮಿಂದ ಕಲಿತದ್ದು. ಅವನ ಜೀವ ಉಳಿಸಿ."

ಮೋನಪ್ಪ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಮಾರನೇ ದಿನ ವಕೀಲರ ಉತ್ತರ ಬಂತು. ಎಲ್ಲ ಚೆನ್ನಾಗಿದೆ, ನೇಣೇ ಸರಿ ಎಂಬ ಆ ಒಂದು ವಾಕ್ಯ ತೆಗೆಯಬೇಕು. ಅದಿದ್ದರೆ ಅಧಿಕಾರಿಗಳ ಕಿವಿಗೆ ಅದೊಂದೇ ಬೀಳುತ್ತದೆ, ಅರ್ಜಿಯ ಜೊತೆ ಕಳಿಸುವಂತಿಲ್ಲ. ದೀಕ್ಷಿತಾ ನಿಮಿಷದಲ್ಲಿ ಕಟ್ ಮಾಡುತ್ತೇನೆ ಅಂದಳು. ನಾನು ಬೇಡವೇ ಬೇಡ ಅಂದೆ. ಅದನ್ನು ತೆಗೆದರೆ ನಾನು ಅಕ್ಷಯನನ್ನು ಇನ್ನೊಮ್ಮೆ ಹೂತ ಹಾಗೆ ಎನಿಸಿತು. ಕಳಿಸುವುದಾದರೆ ಇಡೀ ಕಳಿಸಿ, ಇಲ್ಲದಿದ್ದರೆ ಬಿಡಿ, ಅವರಿಗೆ ಬೇಕಾದ್ದನ್ನು ಹೇಳಲು ನಾನೇನು ಗಿಳಿಯೇ ಎಂದು ರೇಗಿದೆ. ಮೋನಪ್ಪ ಏರ್‌ಪೋರ್ಟಿಗೆ ಹೋಗುವ ತನಕ ಕೇಳಿದರು. ಸೆಕ್ಯೂರಿಟಿಯ ಸಾಲಿನಲ್ಲಿ ನಿಂತೂ ಒಮ್ಮೆ ತಿರುಗಿ ನೋಡಿದರು. ನಾನು ತಲೆ ಅಲ್ಲಾಡಿಸಿ ಇಲ್ಲವೆಂದೆ.

ಅರ್ಜಿ ವಿಡಿಯೋ ಇಲ್ಲದೆಯೇ ಹೋಯಿತು. ಎರಡು ತಿಂಗಳಿಗೆ ತಿರಸ್ಕಾರವಾಯಿತು. ವಿಡಿಯೋ ಇದ್ದಿದ್ದರೆ ಏನಾಗುತ್ತಿತ್ತೋ, ಬಲ್ಲವರು ಯಾರು? ಶುಕ್ರವಾರ ಬೆಳಗಿನ ಜಾವ ನೇಣು ಎಂದು ತಿಳಿಸಿದರು.

ನೇಣಿಗೆ ಮೊದಲು ಆ ಜೈಲಿನಲ್ಲಿ ಒಂದು ಪದ್ಧತಿ ಇದೆಯಂತೆ. ಕೈದಿಯ ಸಮವಸ್ತ್ರ ತೆಗೆಸಿ, ಅವನದೇ ಬಟ್ಟೆ ತೊಡಿಸಿ, ಮನೆಯವರಿಗೆಂದು ಫೋಟೋ ತೆಗೆದುಕೊಡುತ್ತಾರೆ. ಬುಧವಾರ ನಾನು ಕ್ಲಿನಿಕ್ಕಿನಿಂದ ಬಂದು ಕಾರು ನಿಲ್ಲಿಸುವಾಗ ಮೋನಪ್ಪ ಅದನ್ನು ವಾಟ್ಸಾಪಿನಲ್ಲಿ ಕಳಿಸಿದರು. ಚೇತನ ಕುರ್ಚಿಯಲ್ಲಿ ಕೂತು ನಗುತ್ತಿದ್ದ. ಮೈಮೇಲೆ ಮರೂನ್ ಅಂಗಿ.

ಅಕ್ಷಯನ ಹೈಸ್ಕೂಲ್ ಗ್ರಾಜುಯೇಷನ್‌ಗೆಂದು ನಾನೇ ತಂದ ಅಂಗಿ ಅದು. ಕೋವಿಡ್ ಬಂದು ಸಮಾರಂಭವೇ ಆಗಲಿಲ್ಲ. ಮನೆಯಲ್ಲಿ ಒಂದು ಸಲ ಹಾಕಿ ಫೋಟೋ ತೆಗೆಸಿಕೊಂಡ. ಅವತ್ತೇ ಎಡಗೈ ತೋಳಿನ ಗುಂಡಿ ಕಿತ್ತುಬಂತು, ಆ ಬಣ್ಣದ್ದು ಸಿಗದೆ ಕರಿ ಗುಂಡಿ ಹೊಲಿದುಕೊಟ್ಟೆ. ಮರುವರ್ಷ ಭುಜಕ್ಕೆ ಬಿಗಿಯಾಯಿತೆಂದು ಸೂಟ್‌ಕೇಸು ಸೇರಿತು. ಚೇತನ ಸಿಕ್ಕಿಬಿದ್ದಾಗ ಬ್ಯಾಗಿನಲ್ಲಿದ್ದ ಒಳ್ಳೆಯ ಅಂಗಿ ಅದೊಂದೇ, ಅವನೇ ಕೇಳಿ ಹಾಕಿಕೊಂಡ ಎಂದು ಮೋನಪ್ಪ ಬರೆದಿದ್ದರು. ಫೋಟೋದಲ್ಲಿ ಅವನ ಎಡಗೈ ತೊಡೆಯ ಮೇಲಿತ್ತು, ಕರಿ ಗುಂಡಿ ಕಾಣುತ್ತಿತ್ತು.

ಒಳಗೆ ಹೋಗಿ ದೀಕ್ಷಿತಾಳಿಗೆ ಹೇಳಿದೆ. "ವಿಡಿಯೋದಿಂದ ಆ ನೇಣಿನ ಮಾತು ತೆಗಿ. ಈಗ್ಲೇ ಕಳ್ಸು."

"ಅಮ್ಮ, ಇಟ್ಸ್ ಓವರ್. ಇನ್ನು ಯಾರೂ ನೋಡಲ್ಲ."

"ನೋಡ್ತಾರೋ ಬಿಡ್ತಾರೋ, ನೀನು ಕಳ್ಸು."

ಅವಳು ತೆಗೆದು, ಕಳಿಸುವ ಮುಂಚೆ ನನಗೆ ಹಾಕಿ ತೋರಿಸಿದಳು. ವಿಡಿಯೋದಲ್ಲಿ ನಾನು ಅಕ್ಷಯನ ಅಮ್ಮ ಎಂದೆ, ಒಂದು ಮಾತ್ರೆ ಕೊಂದಿತು ಎಂದೆ, ಚೇತನನನ್ನು ನಂಬುತ್ತೇನೆ ಎಂದೆ. ಏನೂ ಕಡಿಮೆಯಾದ ಹಾಗೆ ಕಾಣಲಿಲ್ಲ. ಅದೂ ನನ್ನದೇ ಮಾತಾಗಿತ್ತು.

ಅವರ ಶುಕ್ರವಾರದ ಬೆಳಗು ಅಂದರೆ ನಮಗೆ ಗುರುವಾರದ ಸಂಜೆ. ನಾನೂ ದೀಕ್ಷಿತಾಳೂ ಅಡುಗೆಮನೆಯಲ್ಲಿ ಕೂತಿದ್ದೆವು. ಫೋನು ಬಂತು. "ಅತ್ತಿಗೆ, ಮುಗೀತು" ಅಂದಳು ಶೈಲಜಾ. ಅಂಗಿ ವಾಪಸು ಕೊಟ್ಟರಾ ಎಂದು ಕೇಳಿದೆ. ಕೊಟ್ಟರು ಅಂದಳು.